ಕೈ ಅರಿತ ಅಲಗು

ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ತಿರುಗುತ್ತಿದ್ದ ಅಲಗು ತೇಗದ ಹಲಗೆಯನ್ನು ಕೊರೆಯುತ್ತಿತ್ತು. ಡಾ. ವಾಮನ ಇಂಗಳಗಿ ಉಪ್ಪುನೀರು ತುಂಬಿದ ರಬ್ಬರಿನ ಕೈಯೊಂದನ್ನು ಅದರತ್ತ ತಳ್ಳಿದರು. ಎರಡು ಬೆರಳಿನಷ್ಟು ದೂರವಿರುವಾಗಲೇ ಅಲಗು ಚಟ್ಟನೆ ಮೇಲೆದ್ದು ನಿಂತಿತು. ರಬ್ಬರಿನ ಮೇಲೆ ಗೀರೂ ಬಿದ್ದಿರಲಿಲ್ಲ.

ಅದು ೨೦೫೧ರ ಧಾರವಾಡ. ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ರೌಟರ್ ಯಂತ್ರಕ್ಕೆ ಇಂಗಳಗಿ ಹೊಸದೊಂದು ಅರಿವು ಕೊಟ್ಟಿದ್ದರು. ಅಲಗಿನ ಸುತ್ತ ಕ್ಷೀಣವಾದ ವಿದ್ಯುತ್ ಕ್ಷೇತ್ರ ಹರಡಿರುತ್ತದೆ. ಒಣಮರ ಅದನ್ನು ಅಷ್ಟಾಗಿ ಕದಡುವುದಿಲ್ಲ. ನೀರು, ಲವಣ ತುಂಬಿದ ಮನುಷ್ಯದೇಹ ಹತ್ತಿರ ಬಂದರೆ ಮಾತ್ರ ಕ್ಷೇತ್ರ ಬದಲಾಗುತ್ತದೆ, ಅಲಗು ಹಿಂದೆ ಸರಿಯುತ್ತದೆ.

ಯಂತ್ರ ಮಾಡಿಸಲು ಬಂದಿದ್ದವರು ಕಾಶಿಬಾಯಿ ಬಡಿಗೇರ. ಹುಟ್ಟಿನಿಂದ ಕಣ್ಣು ಕಾಣದ ಆಕೆ, ತಮ್ಮಂಥವರನ್ನೇ ಕಟ್ಟಿಕೊಂಡು ಅಂಧ ಮಕ್ಕಳ ಶಾಲೆಗಳಿಗೆ ಉಬ್ಬುತಗ್ಗಿನ ಭೂಪಟಗಳನ್ನು ತಯಾರಿಸುತ್ತಿದ್ದರು. ಆದರೆ ಕೊರೆಯುವ ಕೆಲಸ ಮಾತ್ರ ಹೊರಗಿನವರದು. ಕಣ್ಣಿಲ್ಲದವರನ್ನು ರೌಟರಿನ ಹತ್ತಿರ ಯಾರೂ ಬಿಟ್ಟಿರಲಿಲ್ಲ.

“ಒಂಬತ್ತು ಕಿಲೋವ್ಯಾಟ್ ಮೋಟಾರು, ಸುತ್ತಲೂ ಗಾಜಿನ ಗೂಡು. ದಿನಕ್ಕ ನಲವತ್ತು ಭೂಪಟ ಬರ್ತಾವ” ಎಂದರು ಇಂಗಳಗಿ.

“ಗಾಜು ಕಣ್ಣಿದ್ದವರಿಗ್ರಿ. ನಾವು ಕೈಲೆ ನೋಡೋರು. ಕೊರಿಯೋವಾಗ ನಮ್ಮ ಬೆರಳು ಅಲಗಿನ ಮಗ್ಗಲಕ್ಕ ಇರಬೇಕು. ನಡುವ ಒಂದು ಉಗುರಿನಷ್ಟು ಜಾಗ ಸಾಕು.”

“ಅಷ್ಟು ಹತ್ತಿರ ಬಂದ್ರ ಭಾರದ ಮೋಟಾರು ಹೊತ್ತಿಗೆ ಸರಿಯಾಗಿ ಮ್ಯಾಲೆ ಏಳೂದಿಲ್ರಿ.”

“ಹಗುರದ್ದು ಹಾಕ್ರಿ.”

“ಹಂಗಾದ್ರ ದಿನಕ್ಕ ಹತ್ತು ಭೂಪಟ ಆದ್ರ ಹೆಚ್ಚು.”

“ಹತ್ತೇ ಬರ್ಲಿ. ನಮ್ಮ ಕೈಲೆ ಬರ್ಲಿ.”

ಇಂಗಳಗಿ ಮೋಟಾರನ್ನು ಸಣ್ಣದು ಮಾಡಿದರು, ಅದನ್ನು ಹೊರುವ ಉಕ್ಕಿನ ತೋಳನ್ನು ತೆಗೆದು ಹಗುರವಾದ ಕಾರ್ಬನ್ ನಾರಿನ ತೋಳು ಕೂಡಿಸಿದರು. ದಸರೆಯ ಹೊತ್ತಿಗೆ ಯಂತ್ರ ಸಿದ್ಧವಾಯಿತು. ಪರೀಕ್ಷೆಗೆಂದು ಅವರು ರಬ್ಬರಿನ ಕೈ ಎತ್ತಿಕೊಳ್ಳುವ ಸದ್ದು ಕಾಶಿಬಾಯಿಗೆ ಕೇಳಿಸಿತು.

“ರಬ್ಬರ್ ಸಾಕ್ರಿ. ಈಗ ನಿಮ್ಮ ಕೈ ಇಡ್ರಿ.”

ತಮ್ಮ ಲೆಕ್ಕದಲ್ಲಿ ಇಂಗಳಗಿಗೆ ಅನುಮಾನವಿರಲಿಲ್ಲ, ಆದರೂ ಕೈ ಮುಂದೆ ಹೋಗಲೊಲ್ಲದು. ಕೊನೆಗೆ ಉಸಿರು ಬಿಗಿಹಿಡಿದು ಅಂಗೈಯನ್ನು ಹಲಗೆಯ ಮೇಲೆ ಜಾರಿಸಿದರು. ಉಗುರಿಗೆ ಗಾಳಿ ತಾಕಿತು, ಅಲಗು ತಾಕಲಿಲ್ಲ. “ಎದ್ದಿತ್ರಿ! ಎದ್ದಿತು!” ಎಂದು ಮಗುವಿನಂತೆ ನಕ್ಕುಬಿಟ್ಟರು.

ಆಮೇಲೆ ಕಾಶಿಬಾಯಿ ಎರಡೂ ಕೈ ಇಟ್ಟರು. ಬೆರಳು ಹತ್ತಿರವಾದರೆ ಅಲಗು ಏಳುತ್ತಿತ್ತು, ಸರಿದರೆ ಮತ್ತೆ ಇಳಿಯುತ್ತಿತ್ತು. ಅವರ ಬೆರಳಿನಡಿ, ಆಗಷ್ಟೇ ಕೊರೆದ ಮರದಲ್ಲಿ, ಮಲಪ್ರಭಾ ನದಿಯ ಪಾತ್ರ ಮೂಡುತ್ತ ಹೋಯಿತು.

“ನದಿ ಇನ್ನೂ ಬಿಸಿ ಐತ್ರಿ” ಎಂದರು ಅವರು, ಮೆಲ್ಲಗೆ.

ಕೆಲವೇ ವರ್ಷಗಳಲ್ಲಿ ಆ ಯಂತ್ರವನ್ನು ಕಣ್ಣಿದ್ದ ಬಡಗಿಗಳೇ ಹೆಚ್ಚಾಗಿ ಕೇಳತೊಡಗಿದರು. ಬೆರಳು ಕಳೆದುಕೊಂಡವರ ಸುದ್ದಿ ಅಪರೂಪವಾಯಿತು. ಒಮ್ಮೆ ಇಂಗಳಗಿ ಪಾಠ ಮಾಡುತ್ತಿದ್ದ ಕಾಲೇಜಿನ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಸರ್, ಮೊದ್ಲ ಈ ತಂತ್ರ ಯಾರಿಗೂ ಗೊತ್ತಿರಲಿಲ್ಲೇನ್ರಿ?”

“ಗೊತ್ತಿತ್ತವಾ. ನಾ ಕಾಲೇಜಿಗೆ ಹೋಗೋವಾಗ ಎಲ್ಲಾರ ಕಿಸೆದಾಗೂ ಇತ್ತು. ಫೋನಿನ ಪರದೆ ಬೆರಳನ್ನ ಗುರುತು ಹಿಡೀತಿದ್ದದ್ದು ಇದೇ ತತ್ವದ ಮ್ಯಾಲೆ.”

“ಮತ್ತ ಯಂತ್ರಕ್ಕ ಯಾಕ ಹಾಕಲಿಲ್ರಿ?”



“ಯಂತ್ರ ಮಾಡಿಸೋವಾಗ ಎಲ್ಲಾರೂ, ಎಷ್ಟು ದಪ್ಪ ಮರ ಕೊರಿತೈತಿ ಅಂತ ಕೇಳ್ತಿದ್ವಿ. ಅದರ ಮುಂದ ಯಾರು ನಿಂದರ್ತಾರ ಅಂತ ಕೇಳಲಿಲ್ಲ.”