ಎಡಗಡೆಯ ಎಂಟನೇ ಪ್ಲೇಟು

"ಚಿಕ್ಕ ಮೇಸ್ತ್ರಿ ಎಲ್ಲಿ?"

ಜೀಪಿನ ಇಂಜಿನ್ ಇನ್ನೂ ಪೂರ್ತಿ ಆರಿರಲಿಲ್ಲ, ಅವನು ಆಗಲೇ ಕೆಳಗೆ ಜಿಗಿದಿದ್ದ. ಲಾರಿಯ ಅಡಿಯಲ್ಲಿ ಅಂಗಾತ ಮಲಗಿ ಬೋಲ್ಟು ಬಿಚ್ಚುತ್ತಿದ್ದವಳಿಗೆ ಮೊದಲು ಕಂಡದ್ದು ಅವನ ಬೂಟು. ಮೂರು ವಾರದಿಂದ ದಿನಾ ಸಂಜೆ ಆ ಬೂಟು ಇದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ನೂರು ಜೊತೆ ಬೂಟಿನ ನಡುವೆ ಇಟ್ಟರೂ ಅವಳು ಗುರುತು ಹಿಡಿಯುತ್ತಿದ್ದಳು. ಆದರೆ ಇವತ್ತು ಅದು ಇಲ್ಲಿಗೆ ಬರಬಾರದಿತ್ತು. ಬೆಳಗ್ಗೆ ಆರಕ್ಕೇ ಊರು ಬಿಟ್ಟವನು ಇಷ್ಟು ಹೊತ್ತಿಗೆ ಅರ್ಧ ಬೆಟ್ಟ ಹತ್ತಿರಬೇಕಿತ್ತು.

ಚಿಕ್ಕ ಮೇಸ್ತ್ರಿ ಅಂದರೆ ಅವಳೇ. ಜಾರಿ ಹೊರಬಂದು ಎದ್ದು ನಿಂತಳು. ಕೆನ್ನೆಗೆ ಗ್ರೀಸ್ ಅಂಟಿತ್ತು. ಬೇರೆ ದಿನವಾಗಿದ್ದರೆ ಅವನು ತನ್ನ ಕೆನ್ನೆ ಮುಟ್ಟಿ ತೋರಿಸಿ, "ಪೌಡರ್ ಸ್ವಲ್ಪ ಜಾಸ್ತಿ ಆಯ್ತು" ಎಂದು ರೇಗಿಸುತ್ತಿದ್ದ. ಇವತ್ತು ಅವಳ ಮುಖವನ್ನೇ ಸರಿಯಾಗಿ ನೋಡಲಿಲ್ಲ.

"ಗಾಡಿ ವಾಲುತ್ತೆ," ಎಂದ. "ಬಲಕ್ಕೆ. ಮೊದಲನೇ ತಿರುವಲ್ಲೇ ಗೊತ್ತಾಯ್ತು. ಆ ದಾರೀಲಿ ಬಲಗಡೆ ಏನಿದೆ ಅಂತ ನಿಮಗೆ ಗೊತ್ತಲ್ಲ?"

ಗೊತ್ತಿತ್ತು. ಕಣಿವೆ ಇತ್ತು.

ಅವನು ದನದ ಡಾಕ್ಟರ್. ಬೆಟ್ಟದ ಮೇಲಿನ ಆಸ್ಪತ್ರೆಗೆ ವರ್ಗವಾಗಿತ್ತು, ಎರಡು ವರ್ಷಕ್ಕೆ. ಸೋದರಮಾವ ಬಿಟ್ಟುಹೋದ ಮೂವತ್ತು ವರ್ಷದ ಜೀಪೊಂದೇ ಅವನ ಆಸ್ತಿ. ಆ ಕಲ್ಲುದಾರಿಗೆ ಹಳೇ ಸ್ಪ್ರಿಂಗು ಸಾಲದು ಎಂದು ಗೊತ್ತಾಗಿ ಈ ಗ್ಯಾರೇಜಿಗೆ ತಂದಿದ್ದ. ಅವಳು ನಾಲ್ಕೂ ಚಕ್ರದ ಸಸ್ಪೆನ್ಷನ್ ಬಿಚ್ಚಿ ಹಾಕಿ, ಸ್ಪ್ರಿಂಗಿಗೆ ಒಂದರ ಮೇಲೊಂದು ಪೇರಿಸುವ ಹೊಸ ಉಕ್ಕಿನ ಪ್ಲೇಟು, ಹೊಸ ಬುಷ್ಷು, ಉದ್ದನೆಯ ಶಾಕ್ ಅಬ್ಸಾರ್ಬರ್ ಕೂರಿಸಿ, ಗಾಡಿಯನ್ನು ಎರಡಿಂಚು ಎತ್ತರ ಮಾಡಿ ಕೊಟ್ಟಿದ್ದಳು. ನಿನ್ನೆ ಸಂಜೆ ಕೊಡುವಾಗ ಹೊರಗೆ ಬರಲಿಲ್ಲ. ಬಂದಿದ್ದರೆ ಅಳು ಬರುತ್ತಿತ್ತು. ಕೀಲಿಯನ್ನು ಅಪ್ಪನ ಕೈಯಲ್ಲಿ ಕಳಿಸಿ, ಒಳಗಿನ ಕೋಣೆಯಲ್ಲಿ ಅಗತ್ಯವಿಲ್ಲದ ನಟ್ಟುಗಳನ್ನೆಲ್ಲ ಗಾತ್ರದ ಪ್ರಕಾರ ಜೋಡಿಸುತ್ತ ಕೂತಿದ್ದಳು.

"ನಿನ್ನೆನೇ ಅನ್ಕೊಂಡೆ," ಎಂದ ಅವನು, ಧ್ವನಿ ತಗ್ಗಿಸಿ. "ಒಂದು ಮಾತು ಆಡೋಕೂ ಬರಲಿಲ್ಲ ನೀವು. ಇವನು ತೊಲಗಿದ್ರೆ ಸಾಕು ಅಂತ ಹೇಗೋ ಮುಗಿಸಿಬಿಟ್ರಾ?"

ಅವಳಿಗೆ ಕೈಯಲ್ಲಿದ್ದ ಸ್ಪ್ಯಾನರ್ ಎತ್ತಿ ಎಸೆಯುವಷ್ಟು ಸಿಟ್ಟು ಬಂತು. ಈ ಮೂರು ವಾರದಲ್ಲಿ ಒಂದೊಂದು ಬೋಲ್ಟನ್ನೂ ಅವಳು ಮೂರು ಸಲ ನೋಡಿದ್ದಳು. ಅದನ್ನು ಹೇಳಹೊರಟರೆ ಯಾಕೆ ಮೂರು ಸಲ ಎಂಬುದನ್ನೂ ಹೇಳಬೇಕಾಗುತ್ತಿತ್ತು.

"ಬೆಟ್ಟದ ದಾರಿಯ ಗೇಟು ಎಷ್ಟು ಗಂಟೆಗೆ ಹಾಕ್ತಾರೆ?" ಎಂದಷ್ಟೇ ಕೇಳಿದಳು.

"ಎರಡಕ್ಕೆ. ಆಮೇಲೆ ಇಳಿಯೋ ಗಾಡಿಗಳಿಗೆ ಮಾತ್ರ ದಾರಿ. ಸಂಜೆಯೊಳಗೆ ಹಾಜರಾಗದಿದ್ರೆ ಆ ಕೆಲಸ ಬೇರೆಯವರಿಗೆ ಹೋಗುತ್ತೆ. ಹತ್ತು ವರ್ಷದಿಂದ ಅಲ್ಲಿ ಡಾಕ್ಟರೇ ಇಲ್ಲ, ಗೊತ್ತಾ? ಹಸು ಮಲಗಿದ್ರೆ ಮಲಗಿದ ಹಾಗೇ."

ಗೋಡೆಯ ಗಡಿಯಾರ ಒಂಬತ್ತೂಮುಕ್ಕಾಲು ತೋರಿಸುತ್ತಿತ್ತು. ಗೇಟಿಗೆ ಇಲ್ಲಿಂದ ಒಂದೂವರೆ ಗಂಟೆಯ ದಾರಿ.

ಗಲಾಟೆ ಕೇಳಿ ದೊಡ್ಡ ಮೇಸ್ತ್ರಿ ಹೊರಗೆ ಬಂದರು. ಅವಳ ಅಪ್ಪ. ನಲವತ್ತು ವರ್ಷ ಪ್ಲೇಟು ಕಾಯಿಸಿ ಬಡಿದು ಬಗ್ಗಿಸಿದ ಕೈ. ಈಗ ಭಾರ ಎತ್ತಲು ಸೊಂಟ ಒಪ್ಪುತ್ತಿರಲಿಲ್ಲ, ಕಣ್ಣು ಮಾತ್ರ ಹದ್ದಿನದು. ಜೀಪನ್ನು ಒಂದು ಸುತ್ತು ಹಾಕಿ ನೋಡಿದರು.

"ಎಡಗಡೆ ಒಂದು ಬೆರಳು ಎತ್ತರ ಇದೆ," ಎಂದರು. ಬಗ್ಗಿ ಹಿಂದಿನ ಎರಡೂ ಸ್ಪ್ರಿಂಗಿನ ಪ್ಲೇಟು ಎಣಿಸಿದರು. "ಬಲಕ್ಕೆ ಏಳು ಪ್ಲೇಟು, ಎಡಕ್ಕೆ ಎಂಟು. ಯಾಕಮ್ಮ?"

"ಮಟ್ಟ ನೋಡಿನೇ ಹಾಕಿದ್ದು ಅಪ್ಪ. ಕೊನೇ ಟ್ರಯಲ್‌ನಲ್ಲಿ ಸರಿಯಾಗಿತ್ತು."

"ಸರಿಯಾಗಿದ್ದದ್ದು ಒಂದೇ ರಾತ್ರೀಲಿ ಬೆಳೀತಾ?"

ಅವಳು ಬಗ್ಗಿ ತಾನೂ ಎಣಿಸಿದಳು. ಎಂಟೇ ಇದ್ದವು.

"ಗೊತ್ತಿಲ್ಲ, ತಪ್ಪಾಗಿರಬೇಕು. ಆ ಪ್ಲೇಟು ತೆಗೆದುಬಿಡ್ತೀನಿ," ಎಂದು ಜಾಕ್ ತರಲು ತಿರುಗಿದಳು.

"ನಿಲ್ಲು. ಈ ಶೆಡ್‌ನಲ್ಲಿ ನಲವತ್ತು ವರ್ಷದಿಂದ ಒಂದು ಮಟ್ಟ ತಪ್ಪಿಲ್ಲ. ಹೇಗೆ ತಪ್ಪಿತು ಅಂತ ಗೊತ್ತಾಗದೆ ಬಿಚ್ಚಿದ್ರೆ ಇನ್ನೊಂದು ತಪ್ಪು ಮಾಡ್ತೀಯ. ಡಾಕ್ಟ್ರೇ, ನೀವು ಹತ್ತಿ ಸ್ಟಿಯರಿಂಗ್ ಹಿಂದೆ ಕೂತ್ಕೊಳ್ಳಿ."

ಅವನು ಕೂತ. ಅಪ್ಪ ಗಾರೆಯವರು ಇಟ್ಟುಕೊಳ್ಳುವಂಥ ರಸಮಟ್ಟವನ್ನು ಡ್ಯಾಶ್‌ಬೋರ್ಡಿನ ಮೇಲೆ ಅಡ್ಡಲಾಗಿ ಇಟ್ಟರು. ಗಾಜಿನ ನಳಿಗೆಯೊಳಗಿನ ಗುಳ್ಳೆ ಎಡಕ್ಕೆ ಓಡಿ ನಿಂತಿತು. ಅಪ್ಪ ಮೂಲೆಯಲ್ಲಿ ರಾಶಿ ಬಿದ್ದಿದ್ದ ಹಳೇ ಬ್ರೇಕ್ ಡ್ರಮ್‌ಗಳನ್ನು ತೋರಿಸಿದರು. "ಒಂದೊಂದೂ ಎಂಟು ಕೆ.ಜಿ. ಎಡಗಡೆ ಸೀಟಿನ ಮೇಲೆ ಇಡ್ತಾ ಹೋಗು. ಎಷ್ಟು ತೂಕದ ತಪ್ಪು ಅಂತ ನೋಡೋಣ."

ಅವಳು ಮೊದಲನೇ ಡ್ರಮ್ ತಂದಿಟ್ಟಳು. ಗುಳ್ಳೆ ಮಿಸುಕಾಡಲಿಲ್ಲ. ಎರಡನೆಯದು. ಮೂರನೆಯದು. ಗುಳ್ಳೆ ಕೂದಲೆಳೆಯಷ್ಟು ಸರಿಯಿತು.

ನಾಲ್ಕನೆಯದನ್ನು ಇಡುವಾಗ ಅವನ ತೋಳು ಅವಳ ತೋಳಿಗೆ ತಾಕಿತು. ಅವಳು ಅಲ್ಲೇ ನಿಂತುಬಿಟ್ಟಳು. ತಾಕಿದ್ದಕ್ಕಲ್ಲ. ಇದೇ ತೋಳು, ಇದೇ ಸೀಟು, ಇದೇ ರಸಮಟ್ಟ. ಎಲ್ಲ ಒಟ್ಟಿಗೆ ನೆನಪಾಯಿತು.

ಅಪ್ಪ ಅವಳಿಗೆ ಹದಿನಾರು ವರ್ಷಕ್ಕೇ ಕಲಿಸಿದ ಪಾಠ ಒಂದಿತ್ತು. ಗಾಡಿ ಓಡಿಸುವವರನ್ನು ಕೂರಿಸು, ನೀನು ಕೆಳಗಿಳಿ, ಹೊರಗೆ ನಿಂತು ಮಟ್ಟ ನೋಡು. ಮೂರು ವಾರ ಪ್ರತಿ ಟ್ರಯಲ್‌ಗೂ ಅವನು ಓಡಿಸಿದ್ದ, ಅವಳು ಪಕ್ಕದಲ್ಲಿ ಕೂತು ಸ್ಪ್ರಿಂಗಿನ ಸದ್ದಿಗೆ ಕಿವಿ ಕೊಟ್ಟಿದ್ದಳು. ಹಾಗಂತ ಅಪ್ಪನಿಗೆ ಹೇಳಿದ್ದು. ಕಿವಿ ಕೊಟ್ಟದ್ದು ಅವನ ಮಾತಿಗೆ: ಸೂಜಿ ಕಂಡರೆ ಅವನ ಹಿಂದೆಯೇ ಬಂದು ಅಡಗುವ ಎತ್ತಿನ ಕಥೆ, ತನ್ನ ಅಡುಗೆಯನ್ನು ನಾಯಿಯೂ ಮೂಸದ ಕಥೆ. ಗಾಡಿ ನಿಂತ ಮೇಲೂ ಕಥೆ ಮುಗಿಯುತ್ತಿರಲಿಲ್ಲ. ಅವಳು ಕೂತಲ್ಲಿಂದಲೇ ರಸಮಟ್ಟ ನೋಡಿ, ಗುಳ್ಳೆ ನಡುವೆ ಬರುವವರೆಗೂ ಪ್ಲೇಟು ಹೊಂದಿಸಿದ್ದಳು.

ಅವಳು ಇಳಿಯುವುದನ್ನೇ ಮರೆತಿದ್ದಳು.

"ಏನು ನಿಂತ್ಬಿಟ್ಟೆ? ಇಡು," ಎಂದರು ಅಪ್ಪ.

"ಅಪ್ಪ, ಸಾಕು. ಟೈಮಾಗ್ತಿದೆ. ತೆಗೆದ್ರೆ ಸರಿಹೋಗುತ್ತೆ, ನನಗೆ ಗೊತ್ತು."

"ಈಗ ತಾನೇ ಗೊತ್ತಿಲ್ಲ ಅಂದೆ?"

ಐದು. ಆರು. ಎರಡೇ ದಾರಿ ಉಳಿದಿದ್ದವು. ಕೆಲಸಗೇಡಿ ಅನ್ನಿಸಿಕೊಂಡು ಸುಮ್ಮನಿರಬೇಕು, ಇಲ್ಲವೇ ಅಪ್ಪನ ಎದುರಿಗೇ ಇದನ್ನು ಬಾಯಿಬಿಟ್ಟು ಹೇಳಬೇಕು. ಎರಡರಲ್ಲೂ ಅವನು ಇನ್ನೊಂದು ಗಂಟೆಯಲ್ಲಿ ಹೊರಟುಹೋಗುತ್ತಾನೆ. ಏಳನೇ ಡ್ರಮ್ ಇಟ್ಟಳು.

"ನಡುವೆ ಬಂತು," ಎಂದ ಅವನು ಒಳಗಿನಿಂದ, ಆಶ್ಚರ್ಯದಲ್ಲಿ. "ಸರಿಯಾಗಿ ನಡುವೆ."

"ಏಳೆಂಟ್ಲೆ ಐವತ್ತಾರು," ಎಂದರು ಅಪ್ಪ. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕೈ ಒರೆಸಿಕೊಂಡರು. "ಮಟ್ಟ ತಪ್ಪಿಲ್ಲ ಡಾಕ್ಟ್ರೇ. ಐವತ್ತಾರು ಕೆ.ಜಿ. ಕಡಿಮೆ ಬಿದ್ದಿದೆ, ಅಷ್ಟೇ. ನೀವು ಸೂಜಿ ಹಾಕೋ ಮುಂಚೆ ದನದ ತೂಕ ಕಣ್ಣಳತೇಲೇ ಹೇಳ್ತೀರಂತಲ್ಲ? ಇದು ಯಾರ ತೂಕ ಅಂತ ನೀವೇ ಹೇಳಿ."

"ಅಪ್ಪಾ!"

"ನಾನು ಯಾರ ಹೆಸರು ಹೇಳಿದೆ? ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?" ಎಂದು ಅಪ್ಪ ಚಹಾ ಕುಡಿಯಲು ಎದುರಿನ ಅಂಗಡಿಗೆ ಹೋಗಿಬಿಟ್ಟರು.

ಅವನು ಜೀಪಿನಲ್ಲೇ ಕೂತಿದ್ದ. ಪಕ್ಕದ ಸೀಟಿನ ಏಳು ಡ್ರಮ್‌ಗಳನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಡ್ರಮ್‌ಗಳನ್ನು ನೋಡಿದ. ಅವನ ಕಿವಿ ಕೆಂಪಾಗುತ್ತಿದ್ದದ್ದು ಅವಳಿಗೆ ಕಂಡಿತು. ಸಿಟ್ಟಿಗೋ ಇನ್ನೊಂದಕ್ಕೋ ತಿಳಿಯಲಿಲ್ಲ.

"ಹೇಳಿಬಿಡ್ತೀನಿ," ಎಂದಳು. ಧ್ವನಿ ಜಗಳದ್ದಾಗಿತ್ತು. "ನೀವು ತೊಲಗಲಿ ಅಂತ ಮಾಡಿದ್ದಲ್ಲ. ನಾನು ಕೂತಿದ್ದೆ, ಇಳಿಯೋದು ಮರೆತೆ. ಮೂರು ವಾರ. ಬೇಕಂತ ಮಾಡಲಿಲ್ಲ. ಬೇಡ ಅಂತಾನೂ ಅನ್ನಿಸಲಿಲ್ಲ. ಆ ಸೀಟಲ್ಲಿ ನಾನಿಲ್ಲದೆ ಈ ಗಾಡಿ ಹೋಗುತ್ತೆ ಅನ್ನೋದು ನನ್ನ ತಲೇಲೇ ಇರಲಿಲ್ಲ. ನಿನ್ನೆ ಹೊರಗೆ ಬಂದಿದ್ರೆ ಅತ್ತುಬಿಡ್ತಿದ್ದೆ, ಅದಕ್ಕೇ ಬರಲಿಲ್ಲ. ನಿಮ್ಮನ್ನ ಕಂಡ್ರೆ ನನಗೆ ಇಷ್ಟ. ಆಯ್ತಾ? ಈಗ ಇಳೀರಿ, ಪ್ಲೇಟು ತೆಗೀಬೇಕು."

ಅವನು ಇಳಿದ. ಆದರೆ ದಾರಿ ಬಿಡಲಿಲ್ಲ.

"ಒಂದು ಕೇಳ್ಲಾ? ಗಾಡಿ ವಾಲಿದ ತಿರುವಿನಲ್ಲೇ ಒಂದು ಗ್ಯಾರೇಜಿತ್ತು. ಬೋರ್ಡು ಇಷ್ಟು ದೊಡ್ಡದು."

"ಮತ್ತೆ ಅಲ್ಲೇ ತೋರಿಸಬೇಕಿತ್ತು."

"ತೋರಿಸಬೇಕಿತ್ತು. ಗಾಡಿ ತಿರುಗಿಸಿದ ಮೇಲೆ ಬೋರ್ಡು ಓದಿದೆ." ಅವನು ಕೆಂಪಾದ ಕಿವಿ ಉಜ್ಜಿಕೊಂಡ. "ಜಗಳ ಆಡೋಕಾದ್ರೂ ಒಂದು ಸಲ ನೋಡಬಹುದು ಅಂತ ಬಂದೆ. ನಿನ್ನೆ ಎಲ್ಲಾ ಹೇಳ್ಬೇಕು ಅಂತ ಬಂದವನು, ನಿಮ್ಮಪ್ಪನ ಕೈಲಿ ಕೀಲಿ ನೋಡಿ ಹೆದರಿಬಿಟ್ಟೆ. ನನಗೂ ಇಷ್ಟ. ಬಹಳ. ಆ ಪ್ಲೇಟು ಇರಲಿ ಬಿಡಿ, ಹುಷಾರಾಗಿ ಓಡಿಸ್ತೀನಿ."

ಅವಳಿಗೆ ಆ ಕ್ಷಣವನ್ನು ಹಾಗೇ ಹಿಡಿದಿಟ್ಟುಕೊಳ್ಳಬೇಕೆನ್ನಿಸಿತು. ಆದರೂ ತಲೆ ಅಲ್ಲಾಡಿಸಿದಳು.

"ಇಷ್ಟ ಬೇರೆ, ಸ್ಪ್ರಿಂಗು ಬೇರೆ. ಕಣಿವೆ ಪಕ್ಕ ಒಬ್ಬರೇ ಹೋಗೋ ಗಾಡಿಗೆ ಇಬ್ಬರ ಲೆಕ್ಕ ಹಾಕಿ ಕಳಿಸಲಾ? ನಿಮಗೇನಾದ್ರೂ ಆದ್ರೆ ನಾನು ಬದುಕಿರ್ತೀನಾ? ಜಾಕ್ ಕೊಡಿ."

ಅವನು ಕೊಟ್ಟ. ಗಾಡಿ ಎದ್ದಿತು. ಅವಳು ಯು ಬೋಲ್ಟು ಬಿಚ್ಚಿದಳು, ನಡುವಿನ ಬೋಲ್ಟು ಬಿಚ್ಚಿದಳು. ಎಂಟನೇ ಪ್ಲೇಟನ್ನು ಹೊರಗೆಳೆಯುವಾಗ ಅವಳ ಕೈ ಒಮ್ಮೆ ನಿಂತಿತು. ತನ್ನನ್ನು ತಾನೇ ಆ ಗಾಡಿಯಿಂದ ಇಳಿಸುತ್ತಿದ್ದಳು, ಅದೂ ಅಚ್ಚುಕಟ್ಟಾಗಿ. ಅವನು ಪಕ್ಕದಲ್ಲೇ ನೆಲಕ್ಕೆ ಕೂತು ಕೇಳಿದಾಗೆಲ್ಲ ಸ್ಪ್ಯಾನರ್ ಎತ್ತಿ ಕೊಟ್ಟ. ಹದಿನೇಳು ಕೇಳಿದರೆ ಹತ್ತೊಂಬತ್ತು ಕೊಟ್ಟ. ಯಾರೂ ನಗಲಿಲ್ಲ. ಹನ್ನೊಂದೂಕಾಲಿಗೆ ಚಕ್ರ ನೆಲ ಮುಟ್ಟಿತು. ಅವನು ಸ್ಟಿಯರಿಂಗ್ ಹಿಂದೆ ಕೂತ, ಅವಳು ಹೊರಗೆ ನಿಂತು, ಕೈಯನ್ನಷ್ಟೇ ಒಳಗೆ ಚಾಚಿ ರಸಮಟ್ಟ ಇಟ್ಟಳು. ಗುಳ್ಳೆ ನಡುವೆ ನಿಂತಿತು.

ಅಪ್ಪ ಚಹಾ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದರು.

"ಆ ಪ್ಲೇಟು ಕೊಡಿ," ಎಂದ ಅವನು. "ಜೊತೆಗೆ ತಗೊಂಡು ಹೋಗ್ತೀನಿ."

"ಅಲ್ಲಿ ಹಾಕೋರು ಯಾರಿದ್ದಾರೆ?"

"ಯಾರೂ ಇಲ್ಲ. ಎಪ್ಪತ್ತು ಕಿಲೋಮೀಟರಿಗೆ ಒಬ್ಬ ಮೆಕ್ಯಾನಿಕ್ ಇಲ್ಲ. ಕೆಟ್ಟು ನಿಂತ ಗಾಡಿಗಳು ಮಾತ್ರ ಬೇಕಾದಷ್ಟಿವೆ."

ಅವಳು ಪ್ಲೇಟನ್ನು ಎದೆಗೆ ಅವುಚಿಕೊಂಡು ಅಪ್ಪನ ಕಡೆ ನೋಡಿದಳು. ಅಪ್ಪನ ಸೊಂಟ, ಶೆಡ್ಡು, ಅರ್ಧ ಬಿಚ್ಚಿದ ಲಾರಿ, ಎಲ್ಲವೂ ಆ ಒಂದು ನೋಟದಲ್ಲಿದ್ದವು.

"ನನ್ನನ್ನೇನು ನೋಡ್ತೀಯ?" ಎಂದರು ಅಪ್ಪ. "ನೀನು ಹುಟ್ಟೋಕೆ ಮುಂಚೆನೂ ಈ ಗ್ಯಾರೇಜು ನಡೀತಿತ್ತು." ಹಾಗಂದು ಬೇಗನೆ ಆಚೆ ತಿರುಗಿ, ಸರಿಯಾಗಿಯೇ ಇದ್ದ ಹಗ್ಗವೊಂದನ್ನು ಸುತ್ತತೊಡಗಿದರು.

ಅವಳು ಜೀಪಿನ ಬಳಿ ಹೋದಳು. "ರಜೆ ಯಾವಾಗ ಸಿಗುತ್ತೆ?"

"ಮೂರು ತಿಂಗಳಿಗೆ. ನಾಲ್ಕು ದಿನ."

"ಈ ಪ್ಲೇಟು ಅಲ್ಲಿವರೆಗೂ ನನ್ನ ಹತ್ತಿರ ಇರಲಿ, ನೀವು ಬಂದಾಗ ಕೂರಿಸೋಕೆ ಒಂದು ಗಂಟೆ ಸಾಕು. ಮಿಕ್ಕ ದಿನದಲ್ಲಿ ನಿಮ್ಮ ಮನೆಯವರನ್ನ ಕರ್ಕೊಂಡು ಬಂದು ಅಪ್ಪನ ಹತ್ತಿರ ಮಾತಾಡಿ."

ಅವನು ಸ್ಟಿಯರಿಂಗ್ ಮೇಲಿದ್ದ ಅವಳ ಗ್ರೀಸಿನ ಕೈಯನ್ನು ಹಿಡಿದ. ಬಿಟ್ಟಾಗ ಅವನ ಅಂಗೈಯೂ ಕಪ್ಪಾಗಿತ್ತು. ಅವನು ಒರೆಸಿಕೊಳ್ಳಲಿಲ್ಲ.

"ಹೋಗಿ ಬಾ," ಎಂದಳು ಅವಳು. "ಬಲಗಡೆ ನೋಡ್ಕೊಂಡು ಓಡಿಸು."

ಜೀಪು ಗ್ಯಾರೇಜಿನ ಗೇಟು ದಾಟಿ ರಸ್ತೆಗಿಳಿಯಿತು. ಗುಂಡಿ ಬಂತು, ಚಕ್ರ ಇಳಿದು ಏರಿತು, ಮೇಲಿನ ಗಾಡಿ ಅಲುಗಲಿಲ್ಲ. ತಿರುವಿನಲ್ಲಿ ಎಡಕ್ಕೂ ವಾಲಲಿಲ್ಲ, ಬಲಕ್ಕೂ ವಾಲಲಿಲ್ಲ. ಅವಳು ರೆಪ್ಪೆ ಬಡಿಯದೆ ನೋಡಿದಳು. ಅವಳ ಕೈಯಿಂದ ಇಷ್ಟು ಚೆನ್ನಾದ ಕೆಲಸ ಇದುವರೆಗೂ ಆಗಿರಲಿಲ್ಲ, ಅದನ್ನು ನೋಡಿ ಅವಳು ಬಿಕ್ಕಿ ಬಿಕ್ಕಿ ಅತ್ತಳು.