ಹದಿನಾಲ್ಕು ಹಳದಿ ಸೈಕಲ್ಲುಗಳು

ಮೇ 11, ಸೋಮವಾರ. ಬೆಳಿಗ್ಗೆ 8.10ಕ್ಕೆ ದೆವೆಂತರ್ ಊರಿನ ಪೊಲೀಸ್ ಠಾಣೆಗೆ ರಿಯಾ ತೆನ್ ಹೋವ ಎಂಬ ಹೆಂಗಸು ಸೈಕಲ್ಲಿನಲ್ಲಿ ಬಂದಿಳಿದು, ಮಳೆಯಂಗಿಯನ್ನೂ ಬಿಚ್ಚದೆ ದೂರು ಕೊಟ್ಟರು. ವಯಸ್ಸು ಅರವತ್ತೇಳು. ಮನೆಮನೆಗೆ ಹೋಗಿ ಗಾಯ ಕಟ್ಟುವ ನರ್ಸ್ ಆಗಿದ್ದು ನಿವೃತ್ತರಾದವರು. ಅವರ ಗ್ಯಾರೇಜಿನಿಂದ ಮಕ್ಕಳ ಹದಿನಾಲ್ಕು ಹಳದಿ ಸೈಕಲ್ಲುಗಳು ಕಳುವಾಗಿದ್ದವು.

ಮನುಷ್ಯರಿಗಿಂತ ಸೈಕಲ್ಲೇ ಹೆಚ್ಚಿರುವ ಈ ದೇಶದಲ್ಲಿ ಸೈಕಲ್ ಕಳವಿನ ದೂರಿಗೆ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಇನ್‌ಸ್ಪೆಕ್ಟರ್ ಮೇಡಂ ತಿನೆಕೆ ವೋಲ್ಬರ್ಸ್ ಕೂಡ ಏಳಲಿಲ್ಲ. ಫಾರಂ ಮುಂದೆ ತಳ್ಳಿ ಕಾಫಿಯತ್ತ ಕೈ ಚಾಚಿದರು. ಆದರೆ ರಿಯಾ ಫಾರಂ ತುಂಬಿ ಹೋಗುವ ಪೈಕಿಯಲ್ಲ. ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಬುಧವಾರ ಏನಿದೆ ಎಂಬುದನ್ನು ಇನ್‌ಸ್ಪೆಕ್ಟರರಿಗೆ ನೆನಪಿಸಿದರು.

ಬುಧವಾರ ಲಿಂಡೆ ಶಾಲೆಯ ಮಕ್ಕಳಿಗೆ ರಸ್ತೆ ಪರೀಕ್ಷೆ. ಹತ್ತು ಹನ್ನೊಂದರ ವಯಸ್ಸಿನ ಮಕ್ಕಳೆಲ್ಲ ಊರಿನ ನಿಜವಾದ ರಸ್ತೆಯಲ್ಲಿ, ನಿಜವಾದ ಲಾರಿಗಳ ನಡುವೆ, ಕೈ ಚಾಚಿ ತಿರುವು ತೋರಿಸುತ್ತ ಸೈಕಲ್ ಹೊಡೆದು ಪಾಸಾಗಬೇಕು. ಸೈಕಲ್ ಇಲ್ಲದವರಿಗೆ ಪರೀಕ್ಷೆಯೂ ಇಲ್ಲ. ಆವತ್ತು ಮನೆಯಲ್ಲಿ ಉಳಿದ ಮಗುವಿಗೆ ಕಾರಣ ಏನೆಂದು ಇಡೀ ತರಗತಿಗೆ ಗೊತ್ತಾಗುತ್ತದೆ. ಕಳುವಾದ ಹದಿನಾಲ್ಕೂ ಅಂಥ ಮಕ್ಕಳಿಗಾಗಿ ಸಿದ್ಧವಾಗಿದ್ದವು. ಮಂಗಳವಾರ ಸಂಜೆ ಏಳಕ್ಕೆ ಹಂಚಬೇಕಿತ್ತು.

ಸಿದ್ಧಪಡಿಸಿದ್ದು ರಿಯಾ ನಡೆಸುವ ‘ಎರಡು ಚಕ್ರ’ ಎಂಬ ಗುಂಪು. ಇವರು ಒಬ್ಬರ ಮುಖ ಒಬ್ಬರು ನೋಡಿದ್ದು ಕಡಿಮೆ, ಫೋನಿನಲ್ಲೇ ಎಲ್ಲ ವ್ಯವಹಾರ. ಅಟ್ಟದಲ್ಲಿ ಬಿದ್ದ ಹಳೆ ಸೈಕಲ್ಲಿನ ಫೋಟೋ ಒಬ್ಬರು ಹಾಕುತ್ತಾರೆ, ಆ ದಾರಿಯಲ್ಲಿ ಹೋಗುವ ಇನ್ನೊಬ್ಬರು ಎತ್ತಿಕೊಂಡು ಬರುತ್ತಾರೆ, ಮತ್ತೊಬ್ಬರು ಬ್ರೇಕು ಕಟ್ಟುತ್ತಾರೆ. ಶಾಲೆಯಿಂದ ಮಗುವಿನ ಹೆಸರು ಬರುವುದಿಲ್ಲ. ಒಂದು ನಂಬರು, ಕಾಲಿನ ಅಳತೆ, ಅಷ್ಟೆ. ಆರು ವರ್ಷದಲ್ಲಿ ಮುನ್ನೂರ ನಲವತ್ತು ಮಕ್ಕಳು ಹೀಗೆ ಸೈಕಲ್ ಹತ್ತಿದ್ದರು. ರಿಯಾ ಈ ಲೆಕ್ಕ ಹೇಳುವಾಗ ಅವರ ಬೆನ್ನು ನೆಟ್ಟಗಾಯಿತು, ಆಗಲೇಬೇಕು.

“ಬೀಗ ಒಡೆದಿದ್ರಾ?” ಇನ್‌ಸ್ಪೆಕ್ಟರ್ ಕೇಳಿದರು.

“ಇಲ್ಲ.”

“ಕೀ ಎಲ್ಲಿಟ್ಟಿದ್ರಿ?”

“ಹೂಕುಂಡದ ಕೆಳಗೆ.”

“ಯಾರ್ಯಾರಿಗೆ ಗೊತ್ತಿತ್ತು?”

“ಗುಂಪಿನೋರಿಗೆ ಮಾತ್ರ.”

“ಅಂದ್ರೆ ಎಷ್ಟ್ ಜನ?”

“ಇನ್ನೂರ ಹನ್ನೆರಡು.”

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ರೂಬನ್ ಸ್ಲೋಟ್ ಕಿಟಕಿಯ ಕಡೆ ಮುಖ ತಿರುಗಿಸಿದ. ಇನ್‌ಸ್ಪೆಕ್ಟರ್ ಕಾಫಿ ಬಿಟ್ಟು ಎದ್ದರು. 8.35ಕ್ಕೆ ಎಫ್‌ಐಆರ್ ದಾಖಲಾಯಿತು.

9.20ಕ್ಕೆ ಗ್ಯಾರೇಜಿನಲ್ಲಿ ಪಂಚನಾಮೆ. ಬಾಗಿಲಿಗೆ ಗೀರಿಲ್ಲ. ಕೀ ಮತ್ತೆ ಹೂಕುಂಡದ ಕೆಳಗೇ ಇತ್ತು. ವಿದ್ಯುತ್ ಡ್ರಿಲ್ಲು, ಹೊಸ ಪಂಪು, ಸಾವಿರಾರು ಯೂರೋ ಬಾಳುವ, ಸಾಮಾನು ಸಾಗಿಸುವ ಸೈಕಲ್ ಗಾಡಿ ಯಾವುದನ್ನೂ ಕಳ್ಳ ಮುಟ್ಟಿರಲಿಲ್ಲ. ಹದಿನಾಲ್ಕು ಸೈಕಲ್ಲು ಹೋಗಿದ್ದವು. ಅವುಗಳ ಹ್ಯಾಂಡಲ್ಲಿಗೆ ಕಟ್ಟಲು ಬರೆದಿಟ್ಟಿದ್ದ ನಂಬರ್ ಚೀಟಿಗಳೂ ಜೊತೆಗೆ ಹೋಗಿದ್ದವು. ಹೋಗುವ ಮುಂಚೆ ಕಳ್ಳ ನೆಲ ಗುಡಿಸಿದ್ದ.

“ಮಾರೋನಿಗೆ ಚೀಟಿ ಯಾಕೆ ಬೇಕು?” ಎಂದು ಇನ್‌ಸ್ಪೆಕ್ಟರ್ ಕೇಳಿದರು. ಆಮೇಲೆ ಆ ಪ್ರಶ್ನೆಯನ್ನು ತಾವೇ ಪುಸ್ತಕದಲ್ಲಿ ಬರೆದುಕೊಂಡರು.

ಪಕ್ಕದ ಮನೆಯ ಮುದುಕ ಹಾರ್ಮ್ ವೆಲ್ದಿಂಕ್, ಎಂಬತ್ತೊಂದು, ಸಾಕ್ಷಿ ಹೇಳಲು ತಾನೇ ಮುಂದೆ ಬಂದ. ಭಾನುವಾರ ಅಮ್ಮಂದಿರ ದಿನ, ರಿಯಾ ಮಗನ ಮನೆಗೆ ಕೇಕು ತಿನ್ನಲು ಹೋಗಿದ್ದರು. ಹನ್ನೊಂದು ಗಂಟೆಗೆ ಒಬ್ಬ ಟ್ರೇಲರ್ ತಂದು, ಹಾಡಹಗಲಲ್ಲಿ, ಎರಡು ಸಲ ಬಂದು ಸೈಕಲ್ ತುಂಬಿಕೊಂಡು ಹೋದ. ಮೈಮೇಲೆ ಗುಂಪಿನ ಕಿತ್ತಳೆ ಅಂಗಿ ಇತ್ತು.

“ನೀವು ತಡೀಲಿಲ್ವಾ?”

“ತಡಿಯೋದಾ? ಬಾಗ್ಲು ಹಿಡ್ಕೊಂಡಿದ್ದೇ ನಾನು,” ಎಂದ ಮುದುಕ. “ಒಬ್ನೇ ಒದ್ದಾಡ್ತಿದ್ದ ಪಾಪ.”

ಮುಖ ಹೇಗಿತ್ತು ಎಂದರೆ, ಒಳ್ಳೆ ಮುಖ ಎಂದಷ್ಟೇ ಹೇಳಿದ. ಪಂಚನಾಮೆಯಲ್ಲಿ ಅದನ್ನು ಹೇಗೆ ಬರೆಯುವುದೆಂದು ಸ್ಲೋಟ್ ತಲೆ ಕೆರೆದುಕೊಂಡ. ಒಂದು ಮಾತ್ರ ಸ್ಪಷ್ಟವಾಯಿತು, ಬೇಲಿಯೇ ಹೊಲ ಮೇಯ್ದಿತ್ತು.

ಅಷ್ಟರಲ್ಲಿ ಸುದ್ದಿ ಗುಂಪಿಗೆ ಮುಟ್ಟಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಎಪ್ಪತ್ತು ಜನ ಊರು ಜಾಲಾಡುತ್ತಿದ್ದರು. ಗುಜರಿ ಅಂಗಡಿ, ರೈಲು ನಿಲ್ದಾಣದ ಸೈಕಲ್ ಅಡ್ಡೆ, ನದಿಯ ದಂಡೆ, ಹಳೆ ಸಾಮಾನು ಮಾರುವ ಇಂಟರ್ನೆಟ್ ಪೇಜುಗಳು ಯಾವುದನ್ನೂ ಬಿಡಲಿಲ್ಲ. ಹಳದಿ ಕಂಡಲ್ಲೆಲ್ಲ ಫೋಟೋ ತೆಗೆದು ಠಾಣೆಗೆ ಕಳಿಸಿದರು. ಅದರಲ್ಲಿ ಒಂದು ಅಂಚೆಯವನ ಗಾಡಿ, ಇನ್ನೊಂದು ಯಾರದೋ ಅಂಗಳದ ಜಾರುಬಂಡಿ. ಇನ್‌ಸ್ಪೆಕ್ಟರರಿಗೆ ರೇಗಿತು. ಒಬ್ಬ ಭೂಪ, ಕಾಲುವೆಯಾಚೆ ನಿರಾಶ್ರಿತರಿದ್ದಾರಲ್ಲ, ಅಲ್ಲಿ ನೋಡಿ ಎಂದು ಬರೆದ. ಪೊಲೀಸರು ಬಾಯಿ ತೆರೆಯುವ ಮೊದಲೇ ಹನ್ನೆರಡು ಜನ ಅವನ ಬಾಯಿ ಮುಚ್ಚಿಸಿದರು, ರಿಯಾ ಅವನನ್ನು ಗುಂಪಿನಿಂದಲೇ ತೆಗೆದರು. ಮೂವತ್ತೊಂದು ಮನೆಯವರು, ಬುಧವಾರಕ್ಕೆ ನಮ್ಮ ಮಕ್ಕಳ ಸೈಕಲ್ಲನ್ನೇ ಕೊಡುತ್ತೇವೆ ಎಂದರು. ಇದನ್ನು ಓದಿದ ಮೇಲೆ ಇನ್‌ಸ್ಪೆಕ್ಟರರ ಸಿಟ್ಟು ಇಳಿಯಿತು. ಇಂಥ ಜನರಿರುವ ಊರಿನಲ್ಲಿ ಪೊಲೀಸ್ ಆಗಿರುವುದಕ್ಕೆ ಹೆಮ್ಮೆ ಪಡಬೇಕು ಎಂದು ಸ್ಲೋಟ್‌ಗೆ ಬಾಯಿಬಿಟ್ಟೇ ಹೇಳಿದರು.

ರಿಯಾ ಮಾತ್ರ ಒಪ್ಪಲಿಲ್ಲ. ಎರವಲು ತಂದ ಸೈಕಲ್ಲಿನಲ್ಲಿ ಪಾಸಾದ ಮಗು ಗುರುವಾರ ಮತ್ತೆ ನಡೆದುಕೊಂಡು ಬರಬೇಕೇ ಎಂದು ಕೇಳಿದರು. ತಮ್ಮ ಹದಿನಾಲ್ಕೇ ಬೇಕು, ಮಂಗಳವಾರ ಸಂಜೆ ಏಳರೊಳಗೆ ಬೇಕು ಎಂದು ಪಟ್ಟು ಹಿಡಿದರು.

ಮೇ 12, ಮಂಗಳವಾರ. ಕದ್ದವನು ಗುಂಪಿನವನೇ ಆದ್ದರಿಂದ ಗುಂಪಿನ ಹಳೆ ಸಂದೇಶಗಳನ್ನು ಓದುವುದೆಂದು ಇನ್‌ಸ್ಪೆಕ್ಟರ್ ತೀರ್ಮಾನಿಸಿದರು. ಓದುವ ಪುಣ್ಯ ಸ್ಲೋಟ್‌ನದಾಯಿತು. ಪೆಡಲ್ಲು, ಚೈನು, ಮತ್ತೆ ಪೆಡಲ್ಲು, ನಡುವೆ ಯಾರದೋ ಬೆಕ್ಕು. ಜಗಳವೆಂಬುದೇ ಇಲ್ಲ. 11.15ಕ್ಕೆ ಫೆಬ್ರವರಿಯ ಒಂದು ಸಂದೇಶದ ಮೇಲೆ ಅವನ ಕಣ್ಣು ನಿಂತಿತು. ‘ಡಿ.ಓ.’ ಎಂಬ ಹೆಸರಿನ ಸದಸ್ಯ ಒಂದೇ ಸಾಲು ಬರೆದಿದ್ದ: ಬೇರೆ ಬೇರೆ ಬಣ್ಣ ಹಚ್ಚಿದರೆ ಆಗುವುದಿಲ್ಲವೇ?

ಆರು ವರ್ಷದಿಂದ ಎಲ್ಲ ಸೈಕಲ್ಲಿಗೂ ಹಳದಿ. ರಸ್ತೆಗೆ ಗೆರೆ ಎಳೆಯುವ ಕಂಟ್ರಾಕ್ಟರನೊಬ್ಬ ಉಳಿದ ಬಣ್ಣದ ಡಬ್ಬಿಗಳನ್ನು ಪುಕ್ಕಟೆ ಕೊಡುತ್ತಿದ್ದ. ಅಲ್ಲದೆ ಒಂದೇ ಬಣ್ಣವಾದರೆ ಕದ್ದವನು ಮಾರಲಾರ, ದೂರದಿಂದಲೂ ಲಾರಿಯವರಿಗೆ ಕಾಣುತ್ತದೆ. ಎಲ್ಲವೂ ಒಪ್ಪುವಂಥ ಮಾತೇ. ಇಲ್ಲಿನವರಿಗೆ ಏನೇ ಎದ್ದರೂ ಮತಕ್ಕೆ ಹಾಕಿ ಮುಗಿಸುವ ಚಾಳಿ. ಹಾಕಿದರು. ಹಳದಿಗೆ ಅರವತ್ತೊಂದು, ಬೇರೆ ಬಣ್ಣಕ್ಕೆ ನಾಲ್ಕು. ಡಿ.ಓ. ಮತ್ತೆ ಆ ಮಾತೆತ್ತಲಿಲ್ಲ. ಬ್ರೇಕು ಕಟ್ಟುವುದನ್ನೂ ಬಿಡಲಿಲ್ಲ.

ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. “ಬಣ್ಣದಿಂದ ಯಾರಿಗೇನ್ ತೊಂದ್ರೆ?”

ಸ್ಲೋಟ್ ಕೆಂಪಗಾದ. ಅವನ ಮಗನೂ ಲಿಂಡೆ ಶಾಲೆಯವನೇ.

“ಮಕ್ಳು ಬಾಳೆಹಣ್ಣು ಅಂತಾರೆ ಮೇಡಂ.”

“ಯಾವುದಕ್ಕೆ?”

“ಹಳದಿ ಸೈಕಲ್‌ನೋರಿಗೆ. ಬಿಟ್ಟಿ ಬಾಳೆಹಣ್ಣು ಬಂತು ನೋಡ್ರೋ ಅಂತ.” ಪೆನ್ನು ಕೆಳಗಿಟ್ಟು ಹೇಳಿದ. “ನಮ್ಮೋನೂ ಅಂದಿದ್ದಾನೆ. ಬೈದಿದ್ದೆ. ಬೈದ್ರೆ ಮುಗೀತು ಅಂದ್ಕೊಂಡಿದ್ದೆ.”

ಹೆಸರು ಗುಟ್ಟಾಗಿಡಲು ಅಷ್ಟು ಹರಸಾಹಸ ಪಟ್ಟ ಗುಂಪು, ಇಡೀ ಊರಿಗೆ ಕಾಣುವ ಬಣ್ಣವನ್ನು ಮಕ್ಕಳ ಕೈಗೆ ಕೊಟ್ಟಿತ್ತು. ಮತ ಹಾಕಿದ ಅರವತ್ತೊಂದು ಜನರಲ್ಲಿ ಯಾರ ಮಗುವೂ ಹಳದಿ ಸೈಕಲ್ ಹೊಡೆಯುತ್ತಿರಲಿಲ್ಲ.

ಫೋನ್ ನಂಬರಿನ ಜಾಡು ಹಿಡಿದಾಗ ಡಿ.ಓ. ಎಂದರೆ ದೆನಿಸ್ ಓಲ್ತಹೌಸ್ ಎಂದು ತಿಳಿಯಿತು. ನಲವತ್ತೊಂದು ವರ್ಷ, ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸ, ಹನ್ನೊಂದು ವರ್ಷದ ಮಗಳೊಬ್ಬಳ ಜೊತೆ ವಾಸ. ರಿಯಾಗೆ ಅವನ ಬ್ರೇಕಿನ ಕೆಲಸ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಗುಂಪಿನ ಚಳಿಗಾಲದ ಬಟಾಣಿ ಸೂಪಿನ ಊಟಕ್ಕೂ ಅವನು ಬರುವವನಲ್ಲ. ವರ್ಕ್‌ಶಾಪಿನ ಮಾಲೀಕ, ಸೋಮವಾರ ಮಂಗಳವಾರ ರಜೆ ಹಾಕಿದ್ದಾನೆ ಎಂದ. ರಜೆಯಲ್ಲಿ ಎಲ್ಲಿರುತ್ತಾನೆ ಎಂದರೆ, ಊರಾಚೆ ಬಾಡಿಗೆಗೆ ಹಿಡಿದ ತರಕಾರಿ ತೋಟದಲ್ಲಿ.

3.40ಕ್ಕೆ ಜೀಪು ತೋಟದ ಬೇಲಿಯ ಬಳಿ ನಿಂತಿತು. ಹುರುಳಿಕಾಯಿ ಪಾತಿಯ ಆಚೆ ಮರದ ಗುಡಿಸಲು, ಬಾಗಿಲು ತೆರೆದಿತ್ತು, ಬಣ್ಣದ ವಾಸನೆ ದಾರಿಗೇ ಬರುತ್ತಿತ್ತು. ಒಳಗೆ ಹದಿನಾಲ್ಕು ಸೈಕಲ್ಲು ತೊಲೆಗೆ ನೇತಾಡುತ್ತಿದ್ದವು. ಒಂದು ನೀಲಿ, ಒಂದು ಹಸಿರು, ಒಂದು ಬೆಳ್ಳಿ, ಒಂದು ಬದನೆ ಬಣ್ಣ, ಕಪ್ಪಿನ ಮೇಲೆ ಕೆಂಪು ಗೆರೆಯದೊಂದು. ಒಂದರಂತೆ ಒಂದಿರಲಿಲ್ಲ. ಪ್ರತಿಯೊಂದಕ್ಕೂ ಅದರದರ ನಂಬರ್ ಚೀಟಿ ಕಟ್ಟಿತ್ತು. ದೆನಿಸ್ ಮೂಗಿನ ಮೇಲಿನ ಬಟ್ಟೆ ಕೆಳಗೆ ಸರಿಸಿ ಪೊಲೀಸರನ್ನು ನೋಡಿದ. ಓಡಲಿಲ್ಲ.

“ಇನ್ನೂ ಮೂರಿದೆ,” ಎಂದ. “ಎರಡ್ನೇ ಕೋಟು. ಆಮೇಲ್ ಕರ್ಕೊಂಡ್ ಹೋಗಿ.”

ಇನ್‌ಸ್ಪೆಕ್ಟರ್ ನೀಲಿ ಸೈಕಲ್ಲಿನ ಮೇಲೆ ಬೆರಳಿಟ್ಟು ನೋಡಿದರು. ಒಣಗಿತ್ತು, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವರು ಇಷ್ಟು ಅಂದವಾಗಿ ಸಿಕ್ಕ ಕಳವಿನ ಮಾಲು ನೋಡಿರಲಿಲ್ಲ. ಅವರು ಸ್ಲೋಟ್ ಕಡೆ ತಿರುಗಿ, ಹಸಿ ಬಣ್ಣದ ಮಾಲನ್ನು ಅಲುಗಿಸಿದರೆ ಸಾಕ್ಷ್ಯ ಕೆಡುತ್ತದೆ, ಆದ್ದರಿಂದ ಪಂಚನಾಮೆ ಇಲ್ಲೇ ಆಗಲಿ, ಒಂದೊಂದೇ ಸೈಕಲ್ಲನ್ನು ವಿವರವಾಗಿ ಬರೆಯಬೇಕು ಎಂದರು. ಸ್ಲೋಟ್ ಜಾಣ. ಬೆಲ್ಲಿನ ಆಕಾರ, ಸೀಟಿನ ಎತ್ತರ, ಚಕ್ರದ ಕಡ್ಡಿಗಳ ಸಂಖ್ಯೆ ಎಲ್ಲವನ್ನೂ ಬರೆಯುತ್ತ ಹೋದ. ಅವನ ಹಿಂದೆ ಬಣ್ಣದ ಪಂಪು ಬುಸ್ ಎನ್ನುತ್ತಲೇ ಇತ್ತು.

4.30ಕ್ಕೆ ಮಾಲು ಗುರುತಿಸಲು ರಿಯಾರನ್ನು ಕರೆಸಲಾಯಿತು. ಅವರು ಬಾಗಿಲಲ್ಲೇ ನಿಂತುಬಿಟ್ಟರು.

“ಇವು ನಿಮ್ಮವಾ?” ಇನ್‌ಸ್ಪೆಕ್ಟರ್ ಕೇಳಿದರು.

“ನಮ್ಮವೇ. ಬಣ್ಣ ನಮ್ದಲ್ಲ.” ಆಮೇಲೆ ದೆನಿಸ್ ಕಡೆ ನೋಡಿದರು. “ನೀನಾ ಡಿ.ಓ.?”

ಅವನು ತಲೆಯಾಡಿಸಿದ.

“ಒಂದ್ ಮಾತ್ ಹೇಳ್ಬಾರ್ದಿತ್ತೇನಪ್ಪ?”

“ಹೇಳಿದ್ದೆ. ವೋಟ್ ಹಾಕಿದ್ರಿ.”

“ಯಾಕೆ ಅಂತ ಹೇಳ್ಬೇಕಿತ್ತು.”

ದೆನಿಸ್ ಪಂಪು ಕೆಳಗಿಟ್ಟು ಕೈ ಒರೆಸಿಕೊಂಡ. “ಹೋದ್ ವರ್ಷ ಇಪ್ಪತ್ತೆರಡನೇ ನಂಬರ್ ಚೀಟಿ ನನ್ ಮಗಳ್ದು. ಅದನ್ನ ಇನ್ನೂರ್ ಜನದ್ ಮುಂದೆ ಹೇಳೋ ಹಾಗಿದ್ರೆ, ನಾನ್ ಕದಿಯೋಕೆ ಯಾಕ್ ಹೋಗ್ತಿದ್ದೆ?”

ಹಳದಿ ಎಂದು ಮೊದಲು ಸೂಚಿಸಿದ್ದು ತಾನೇ, ಅದು ತನ್ನ ಜಾಣತನವೆಂದು ಆರು ವರ್ಷ ಬೀಗಿದ್ದೂ ತಾನೇ ಎಂದು ರಿಯಾ ಪೊಲೀಸರ ಎದುರೇ ಹೇಳಿಕೊಂಡರು. ಆಮೇಲೆ ಕನ್ನಡಕ ಏರಿಸಿ ಸೈಕಲ್ಲುಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಬದನೆ ಬಣ್ಣದ್ದರ ಬಳಿ ಬಂದಾಗ, ಇದು ಅಂಗಡಿಯದಕ್ಕಿಂತ ಚೆನ್ನಾಗಿದೆ ಎಂದರು. ದೆನಿಸ್‌ನ ಮುಖದಲ್ಲಿ ಆವತ್ತು ಮೊದಲ ಸಲ ಹೆಮ್ಮೆ ಕಂಡಿತು.

5.25ಕ್ಕೆ, ಹದಿನಾಲ್ಕನೆಯದರ ಎರಡನೇ ಕೋಟು ಮುಗಿದ ಮೇಲೆ, ದೆನಿಸ್ ಓಲ್ತಹೌಸ್‌ನನ್ನು ಬಂಧಿಸಲಾಯಿತು. ದೂರು ಹಿಂದಕ್ಕೆ ಪಡೆಯುತ್ತೇನೆ ಎಂದ ರಿಯಾಗೆ, ಕಾನೂನು ನಿಮ್ಮ ಹೂಕುಂಡವಲ್ಲ, ಬೇಕಾದಾಗ ಎತ್ತಿಡುವುದಕ್ಕೆ ಆಗುವುದಿಲ್ಲ ಎಂದು ಇನ್‌ಸ್ಪೆಕ್ಟರ್ ಹೇಳಿದರು. ಆದರೆ ವಶಪಡಿಸಿಕೊಂಡ ಮಾಲನ್ನು ಅಲ್ಲೇ ರುಜು ಹಾಕಿಸಿಕೊಂಡು ಅವರ ಸುಪರ್ದಿಗೆ ಕೊಟ್ಟರು. ಏಳಕ್ಕೆ ಹಂಚಿಕೆ ನಡೆಯಿತು. ಎಂದಿನಂತೆ ನಂಬರ್ ನೋಡಿ ಮಕ್ಕಳಿಗೆ ಕೊಟ್ಟದ್ದು ಶಾಲೆಯವರು, ಗುಂಪಿನವರು ಆ ಮಕ್ಕಳ ಮುಖ ನೋಡಲಿಲ್ಲ.

ಠಾಣೆಯಲ್ಲಿ ಬರೆದುಕೊಂಡ ಹೇಳಿಕೆ ಒಂದೇ ಪುಟದ್ದು. ಹೋದ ವರ್ಷ ಅವನ ಮಗಳು ಶಾಲೆಗೆ ಮುನ್ನೂರು ಮೀಟರ್ ಇರುವಾಗಲೇ ಸೈಕಲ್ಲನ್ನು ಪೊದೆಯಲ್ಲಿ ಅಡಗಿಸಿ ನಡೆದು ಹೋಗುತ್ತಿದ್ದಳು. ಪರೀಕ್ಷೆಯ ದಿನ ಅಡಗಿಸಲು ಆಗುವುದಿಲ್ಲವಲ್ಲ, ಹೊಟ್ಟೆನೋವೆಂದು ಮಲಗಿದಳು. ಅಪ್ಪನಿಗೆ ಕಾರಣ ಗೊತ್ತಾದದ್ದು ಮೂರು ತಿಂಗಳ ಮೇಲೆ. ಅವಳ ಸೈಕಲ್ಲಿಗೆ ಬೇರೆ ಬಣ್ಣ ಹೊಡೆದುಕೊಟ್ಟ, ಆದರೆ ಪರೀಕ್ಷೆ ಮುಗಿದುಹೋಗಿತ್ತು. ಈ ವರ್ಷ ಹದಿನಾಲ್ಕು ಮಕ್ಕಳಿಗೆ ಹೊಟ್ಟೆನೋವು ಬರುವುದು ಬೇಡವೆನ್ನಿಸಿತು. ಹಂಚಿಕೆಯ ಮುಂಚೆ ಸದ್ದಿಲ್ಲದೆ ವಾಪಸ್ ಇಡುವ ಯೋಚನೆಯಿತ್ತು. ರಿಯಾ ಸೋಮವಾರವೇ ಗ್ಯಾರೇಜು ತೆರೆಯುತ್ತಾರೆಂದು ಅವನು ಎಣಿಸಿರಲಿಲ್ಲ. ರುಜು ಹಾಕಿಸಿಕೊಂಡು ಅವನನ್ನು ಮನೆಗೆ ಕಳಿಸಲಾಯಿತು, ಕರೆದಾಗ ಬರಬೇಕೆಂಬ ಷರತ್ತಿನ ಮೇಲೆ.

ಮೇ 13, ಬುಧವಾರ, ಬೆಳಿಗ್ಗೆ 9.30. ನದಿ ಸೇತುವೆಯ ಬಳಿಯ ನಾಲ್ಕನೇ ತಿರುವಿನಲ್ಲಿ ರಿಯಾ ಪಟ್ಟಿ ಹಿಡಿದು ನಿಂತಿದ್ದರು. ಪ್ರತಿ ವರ್ಷವೂ ಗುಂಪಿನವರೇ ಹೀಗೆ ತಿರುವುಗಳಲ್ಲಿ ನಿಂತು ಅಂಕ ಹಾಕುತ್ತಾರೆ. ಲಿಂಡೆ ಶಾಲೆಯ ಅರವತ್ತಮೂರು ಮಕ್ಕಳೂ ಬಂದಿದ್ದರು, ಗೈರುಹಾಜರಿ ಸೊನ್ನೆ. ಬೆನ್ನಿಗೆ ನಂಬರು ಕಟ್ಟಿಕೊಂಡು, ಹಿಂದೆ ತಿರುಗಿ ನೋಡಿ, ಎಡಗೈ ಚಾಚಿ, ಒಬ್ಬೊಬ್ಬರಾಗಿ ತಿರುಗಿ ಹೋದರು.

ಲಾರಿಗಳನ್ನು ತಡೆದು ನಿಲ್ಲಿಸಿದ್ದ ಇನ್‌ಸ್ಪೆಕ್ಟರ್ ವೋಲ್ಬರ್ಸ್ ಕೊನೆಯ ಮಗು ದಾಟಿದ ಮೇಲೆ ಹತ್ತಿರ ಬಂದರು.

“ನಿಮ್ ಮಕ್ಳು ಹೇಗ್ ಹೊಡೆದ್ರು?”

ರಿಯಾ ಪಟ್ಟಿಯ ಮೇಲಿಂದ ತಲೆಯೆತ್ತಿದರು. ಕಣ್ಣು ಒದ್ದೆಯಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು.

“ಯಾರು ನಮ್ಮೋರು ಅಂತ ಗೊತ್ತೇ ಆಗ್ಲಿಲ್ಲ ಕಣಮ್ಮ,” ಎಂದರು. “ಒಬ್ರೂ ಗೊತ್ತಾಗ್ಲಿಲ್ಲ.”