ಎಂಬತ್ತು ದಾಟಿದರೆ ನಡುಕ

ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಹೆಣ್ಣುಮಗಳು ಕುರ್ಚಿ ಕೊಟ್ಟರೂ ಕೂರಲಿಲ್ಲ. ಹಿಂದಿನ ದಿನ ಅವಳ ಗಂಡನ ಕಾರು ಹೆದ್ದಾರಿಯ ತಿರುವಿನಲ್ಲಿ ಮಗುಚಿತ್ತು. ಅವನು ತೀವ್ರ ನಿಗಾ ಘಟಕದಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ.

"ಹೋದ ವಾರವಷ್ಟೇ ವೀಲ್ ಬ್ಯಾಲೆನ್ಸ್ ಮಾಡಿಸಿದ್ವಿ ಸಾರ್. ಎರಡೇ ದಿನಕ್ಕೆ ಸ್ಟೀರಿಂಗ್ ಮತ್ತೆ ನಡುಗೋಕೆ ಶುರುವಾಯ್ತು. ಆ ಟೈರ್ ಅಂಗಡಿಯವನು ನನ್ನ ಗಂಡನ್ನ ಕೊಂದುಬಿಟ್ಟ."

"ಇನ್ನೂ ಬದುಕಿದ್ದಾರಲ್ಲಮ್ಮ," ಎಂದರು ಇನ್‌ಸ್ಪೆಕ್ಟರ್.

"ಡಾಕ್ಟ್ರು ಅಷ್ಟು ಧೈರ್ಯವಾಗಿ ಹೇಳ್ತಿಲ್ಲ ಸಾರ್."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ಕಾನ್‌ಸ್ಟೆಬಲ್‌ಗಳು ಅಂಗಡಿಯವನನ್ನು ಕರೆತಂದರು. ಕೈಗೆ ಹತ್ತಿದ ಮಸಿ ಒರೆಸಿಕೊಳ್ಳಲೂ ಅವನಿಗೆ ಪುರುಸೊತ್ತು ಕೊಟ್ಟಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಇಲಾಖೆಯಲ್ಲಿ ಬೇಕಾದಷ್ಟು ನಡೆದಿದೆ. ಅಂಥದ್ದು ತನ್ನ ಕೈಯಿಂದ ಆಗುವುದು ಇನ್‌ಸ್ಪೆಕ್ಟರಿಗೆ ಬೇಕಿರಲಿಲ್ಲ. ಅವನನ್ನು ಠಾಣೆಯಲ್ಲೇ ಕೂರಿಸಿ, ಮೋಟಾರು ವಾಹನ ನಿರೀಕ್ಷಕರ ಜೊತೆ ನಜ್ಜುಗುಜ್ಜಾದ ಕಾರಿನ ಹತ್ತಿರ ಹೋದರು.

ನಿರೀಕ್ಷಕರು ಟೈರಿನ ಮೇಲೆ ಅಂಗೈ ಆಡಿಸಿದರು. "ಅಲೈನ್‌ಮೆಂಟ್ ಕೆಟ್ಟಿದ್ರೆ ಗಾಡಿ ಒಂದು ಕಡೆಗೆ ಎಳೆಯುತ್ತೆ, ಟೈರಿನ ಒಂದೇ ಅಂಚು ಸವೆಯುತ್ತೆ. ಇದು ಸಮವಾಗಿ ಸವೆದಿದೆ. ಬ್ರೇಕಲ್ಲೂ ದೋಷ ಇಲ್ಲ. ಆದ್ರೆ ಇಲ್ಲಿ ನೋಡಿ."

ಮುಂದಿನ ಎರಡೂ ಚಕ್ರಗಳ ಒಳಬದಿಯ ಧೂಳಿನಲ್ಲಿ ಬೆರಳಗಲದ ಚೊಕ್ಕ ಚೌಕಗಳಿದ್ದವು. ಚಕ್ರದ ತೂಕ ಸುತ್ತಲೂ ಸಮನಾಗಲೆಂದು ಅಂಟಿಸುವ ಸೀಸದ ತುಂಡುಗಳ ಜಾಗ ಅದು.

"ಉದುರಿದ್ದಾ?"

"ಉದುರಿದ್ರೆ ಅಂಟು ಉಳೀತಿತ್ತು. ಇದನ್ನ ಸಂದಿಯಲ್ಲಿ ಚಾಕು ತೂರಿಸಿ ಕೆರೆದಿದ್ದಾರೆ."

ಠಾಣೆಗೆ ಮರಳಿ ಕೇಳಿದಾಗ ಅಂಗಡಿಯವನು ಬಾಯಿಬಿಟ್ಟ. "ಇದು ಮೂರನೇ ಸಲ ಸಾರ್. ಪ್ರತಿ ಸಲ ತುಂಡು ಮಾಯ. ನನ್ನ ಅಂಟೇ ಸರಿಯಿಲ್ಲವೇನೋ, ಹೆಸರು ಕೆಡುತ್ತೆ ಅಂತ ಹೆದರಿ ಸುಮ್ಮನೆ ಹೊಸದು ಹಾಕಿ ಕಳಿಸ್ತಿದ್ದೆ."

"ಆ ತುಂಡಿನ ಬಗ್ಗೆ ಯಾರಾದ್ರೂ ವಿಚಾರಿಸಿದ್ರಾ?"

"ಕಾರಿನವರ ತಾಯಿ. ಮೊದಲನೇ ಸಲ ಜೊತೆಗೆ ಬಂದಿದ್ರು. ಇದಿಲ್ಲದಿದ್ರೆ ಚಕ್ರ ಕಳಚುತ್ತಾ ಅಂದ್ರು. ಇಲ್ಲಮ್ಮ, ಸ್ಪೀಡು ಎಂಬತ್ತು ದಾಟಿದ್ರೆ ಸ್ಟೀರಿಂಗ್ ನಡುಗುತ್ತೆ ಅಷ್ಟೇ ಅಂದೆ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಮುಂದಿನದು ಅವರಿಗೆ ಗೊತ್ತಾಗಿಹೋಗಿತ್ತು.

ಸಂಜೆ ಪಂಚರ ಸಮಕ್ಷಮ ಅವರ ಮನೆ ಶೋಧಿಸಿದಾಗ ತಾಯಿಯ ಹೊಲಿಗೆ ಡಬ್ಬಿಯಲ್ಲಿ, ದಾರದುಂಡೆಗಳ ಕೆಳಗೆ, ಸೀಸದ ತುಂಡುಗಳು ಸಿಕ್ಕವು. ಪಂಚನಾಮೆ ಮುಗಿಸಿ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದರು. ಸೊಸೆಯೂ ಜೊತೆಗೆ ಬಂದಳು. ತಾಯಿ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಕೂತಿದ್ದರು.

"ನೀವೇ ತೆಗೆದ್ರಾ ಅಮ್ಮ?"

"ಹೂಂ. ತರಕಾರಿ ಹೆಚ್ಚೋ ಚಾಕುವಿನಲ್ಲಿ."

"ಯಾಕೆ?"

"ದೊಡ್ಡ ಮಗ ಇದೇ ರಸ್ತೇಲಿ ಸ್ಪೀಡಾಗಿ ಓಡಿಸಿ ಸತ್ತ. ಇವನಿಗೂ ಅದೇ ಹುಚ್ಚು. ಆಣೆ ಹಾಕಿಸಿದೆ, ಊಟ ಬಿಟ್ಟೆ, ಹೆತ್ತವಳಾಗಿ ಕಾಲೂ ಹಿಡಿದೆ. ಕೇಳಲಿಲ್ಲ. ಅವನು ಹೊರಟ ಅಂದ್ರೆ ಮಡಿಲಲ್ಲಿ ಕೆಂಡ ಕಟ್ಕೊಂಡ ಹಾಗೆ ಕೂತಿರ್ತಿದ್ದೆ. ಕೈ ನಡುಗಿದ್ರೆ ತಾನಾಗೇ ನಿಧಾನ ಮಾಡ್ತಾನೆ ಅಂದ್ಕೊಂಡೆ." ಅವರು ದನಿ ಏರಿಸಿದರು. "ನಿಧಾನ ಮಾಡಿಯೂ ಇದ್ದ ಸಾರ್! ನಾನು ಜೊತೆಗಿದ್ದಾಗ ಎಂಬತ್ತು ದಾಟ್ತಾನೇ ಇರಲಿಲ್ಲ. ಆ ಅಂಗಡಿಯವನೇ ಬೇರೆ ಏನೋ ಕೆಡಿಸಿದ್ದಾನೆ."

"ನೂರು ದಾಟಿದ್ರೆ ನಡುಕ ನಿಂತುಹೋಗುತ್ತೆ ಅತ್ತೆ," ಎಂದಳು ಸೊಸೆ. "ಅದಕ್ಕೇ ಅವರು ಬೇಗ ಬೇಗ ನೂರಹತ್ತಕ್ಕೆ ಏರಿಸಿ, ಅಲ್ಲಿಂದ ಇಳಿಸ್ತಾನೇ ಇರಲಿಲ್ಲ. ನಿನ್ನೆನೂ ಅಷ್ಟೇ ಇದ್ದಿರಬೇಕು."

ತಾಯಿ ಇನ್‌ಸ್ಪೆಕ್ಟರ್ ಮುಖ ನೋಡಿದರು. ಅದು ಸುಳ್ಳು ಅನ್ನಲಿ ಎಂದು ಕಾದರು. ವಾಹನ ನಿರೀಕ್ಷಕರೂ ಹಾಗಾಗುವುದುಂಟು ಎಂದಿದ್ದರು. ಇನ್‌ಸ್ಪೆಕ್ಟರ್ ತಲೆ ತಗ್ಗಿಸಿದರು.

"ಗೊತ್ತಿದ್ದೂ ನನಗೆ ಯಾಕೆ ಹೇಳಲಿಲ್ಲ ನೀನು?" ಎಂದು ತಾಯಿ ಸೊಸೆಯನ್ನು ಕೇಳಿದರು.

"ನಿಮಗೆ ಗಾಬರಿಯಾಗುತ್ತೆ ಅಂತ."

ಆರು ಗಂಟೆ ಹತ್ತು ನಿಮಿಷಕ್ಕೆ ತಾಯಿಯ ಬಂಧನವಾಯಿತು. ಅಂಗಡಿಯವನನ್ನು ಮನೆಗೆ ಕಳಿಸುವಂತೆ ಇನ್‌ಸ್ಪೆಕ್ಟರ್ ಠಾಣೆಗೆ ಫೋನ್ ಮಾಡಿದರು. ಮಗನನ್ನು ಉಳಿಸಿಕೊಳ್ಳಲು ಮಾಡಿದ್ದು ಎಂದು ಹೇಳಿಕೆಯಲ್ಲಿ ಬರೆದುಕೊಂಡರು. ಮಹಿಳಾ ಕಾನ್‌ಸ್ಟೆಬಲ್ ತೋಳು ಹಿಡಿದು ಎಬ್ಬಿಸಿದಾಗ ತಾಯಿ ಬರಿಗಾಲಲ್ಲೇ ಹೊರಟಿದ್ದರು. ಸೊಸೆ ಬೆಂಚಿನ ಕೆಳಗಿದ್ದ ಚಪ್ಪಲಿ ಎತ್ತಿಕೊಂಡು ಹಿಂದೆ ಓಡಿದಳು.